ಎದುರಿನ ಸಾಲು ಹೋದ ಕಟ್ಟಡದ ಮೇಲೆ ಇನ್ನೆರಡು ಮಾಳಿಗೆ?

ಪ್ರಶ್ನೆ: ಉಪ್ಪಳದಲ್ಲಿ ನಮ್ಮದು 1991ರ ಕಟ್ಟಡ. ಕೆಳಗೆ ಅಂಗಡಿ, ಮೇಲೆ ಮನೆ. ಹೆದ್ದಾರಿ ಅಗಲ ಮಾಡುವಾಗ ಎದುರಿನ ಒಂದು ಸಾಲು ಪಿಲ್ಲರ್ ಹೋಯಿತು. ಉಳಿದ ಪಿಲ್ಲರ್, ಬೀಮುಗಳನ್ನು ಹಾಗೇ ಇಟ್ಟು ಮೇಲೆ ಇನ್ನೆರಡು ಮಾಳಿಗೆ ಎಬ್ಬಿಸಿ ಎಲ್ಲವನ್ನೂ ಅಂಗಡಿ ಮಾಡಬಹುದೇ? 'ಹಳೇ ಕೆಲಸ, ಏನೂ ಆಗುವುದಿಲ್ಲ' ಎನ್ನುತ್ತಾರೆ ಮೇಸ್ತ್ರಿ.

ಉತ್ತರ: ತಲಪಾಡಿಯಿಂದ ಈಚೆ ರಾಷ್ಟ್ರೀಯ ಹೆದ್ದಾರಿ 66ರ ಕೆಲಸ ಶುರುವಾದಾಗಿನಿಂದ ಈ ಪ್ರಶ್ನೆ ಬಾರದ ತಿಂಗಳಿಲ್ಲ. ಎಲ್ಲರ ಮೇಸ್ತ್ರಿಯೂ ಒಂದೇ ಮಾತು ಹೇಳುತ್ತಾರೆ.

ನಿಮ್ಮ ಎರಡನೇ ಸಾಲಿನ ಪಿಲ್ಲರುಗಳನ್ನು ಮೊದಲು ಎರಡೂ ಕಡೆಯ ಬೀಮುಗಳು ಸಮವಾಗಿ ಹಿಡಿದಿದ್ದವು. ಈಗ ಅವೇ ಅಂಚಿನ ಪಿಲ್ಲರುಗಳು. ಭಾರ ಒಂದೇ ಕಡೆಯಿಂದ ಬಂದು ಅವನ್ನು ಬಾಗಿಸುತ್ತದೆ. ಬೀಮಿನ ಪಾಡು ಇನ್ನೂ ಕಷ್ಟ. ಕಾಂಕ್ರೀಟ್ ಕೆಲಸದ ಭಾರತೀಯ ಸಂಹಿತೆ ಐಎಸ್ 456ರ ಕೋಷ್ಟಕದಲ್ಲಿ ನಡುವಿನ ಅಂಕಣದ (ಎರಡು ಪಿಲ್ಲರಿನ ನಡುವಿನ ಜಾಗದ) ಬೀಮಿನ ಕೆಳಕಂಬಿಗೆ ಬೀಳುವ ಬಾಗಿಸುವ ಬಲ ತಿಳಿಯಲು ಸ್ವಂತ ಭಾರದ ಲೆಕ್ಕವನ್ನು 16ರಿಂದ ಭಾಗಿಸುತ್ತಾರೆ, ಕೊನೆಯ ಅಂಕಣಕ್ಕೆ 12ರಿಂದ. ನಡುವಿನದ್ದು ಕೊನೆಯದಾದಾಗ, ಮೇಲೆ ಒಂದು ಚಟ್ಟಿ ಸಿಮೆಂಟು ಏರಿಸದಿದ್ದರೂ, ಬೀಮಿನ ಹೊಟ್ಟೆಗೆ ಮೂರರಲ್ಲೊಂದು ಪಾಲು ಹೆಚ್ಚು ಕೆಲಸ ಬಿತ್ತು. ಮೇಲ್ಕಂಬಿ ಪಿಲ್ಲರ್ ದಾಟಿ ಮುಂದೆ ಹೋಗಿ ಹಿಡಿತ ಪಡೆಯುತ್ತಿತ್ತು. ಯಂತ್ರ ಅದನ್ನು ಪಿಲ್ಲರಿನ ಮುಖದಲ್ಲೇ ಕತ್ತರಿಸಿದೆ. ತುದಿಯಲ್ಲಿ ಕೊಕ್ಕೆ ಇಲ್ಲ. ಅದರ ಮೇಲೆ ಪ್ಲಾಸ್ಟರ್ ಬಳಿದು ಶಟರ್ ಕೂರಿಸಿದ್ದೀರಿ, ಅಲ್ಲವೇ?

ಇನ್ನು ಮೇಲೆ ಬೀಳುವ ಜನ, ಸಾಮಾನಿನ ಭಾರ. ಮನೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಹಿಡಿಯುತ್ತೇವೆ, ಅಂಗಡಿಗೆ 400. ಮೇಲಿನ ಮನೆ ಅಂಗಡಿಯಾದರೆ ಅದೇ ಸ್ಲ್ಯಾಬಿಗೆ ಇಮ್ಮಡಿ. ಇನ್ನೆರಡು ಮಾಳಿಗೆಯ ಮಾತು ಆಮೇಲಿನದು.

ಕಾಂಕ್ರೀಟ್ ಹೇಗುಂಟು ಎಂದು ತಿಳಿಯಲು ಹೊಡೆದು ನೋಡುವ ಪರೀಕ್ಷೆಯನ್ನು ನಂಬಿ ಕೂರಬೇಡಿ. ಗಾಳಿಯ ಇಂಗಾಲಾಮ್ಲ ಕುಡಿದ ಹಳೆ ಕಾಂಕ್ರೀಟಿನ ಮೈ ಗಟ್ಟಿಯಾಗಿರುತ್ತದೆ. ಅಂಕಿ ಸುಳ್ಳೇ ಚೆನ್ನಾಗಿ ಬರುತ್ತದೆ. ಕಾಂಕ್ರೀಟಿನ ಕೋರ್, ಅಂದರೆ ಕೊರೆದು ತೆಗೆದ ಉರುಳೆಯಾಕಾರದ ತುಂಡು, ತೆಗೆಸಿ ಪರೀಕ್ಷಿಸಿ. ಒಡೆದ ಜಾಗಕ್ಕೆ ಕ್ಷಾರ ಇದ್ದಲ್ಲಿ ಗುಲಾಬಿಯಾಗುವ ಫಿನಾಫ್ತಲೀನ್ ದ್ರಾವಣ ಸಿಂಪಡಿಸಿ; ಗುಲಾಬಿ ಬಣ್ಣ ಬಾರದ ಭಾಗ ಕಂಬಿಯವರೆಗೆ ತಲುಪಿದ್ದರೆ ತುಕ್ಕಿಗೆ ದಾರಿ ತೆರೆದಿದೆ. ಗುಲಾಬಿ ಬಂದಿತೆಂದು ಸಿಹಿ ಹಂಚಬೇಡಿ. ಅಳಿವೆಯ ಉಪ್ಪು ಹೊಯಿಗೆ ಬಳಸಿದ್ದರೆ ಗುಲಾಬಿಯೊಳಗೂ ಕಂಬಿ ತಿಂದುಹೋಗುತ್ತದೆ. ಅದಕ್ಕೆ ಕ್ಲೋರೈಡ್ ಪರೀಕ್ಷೆ ಬೇರೆಯೇ ಮಾಡಿಸಬೇಕು.

ಹಳೆ ಚೌಕಟ್ಟು ಉಳಿಸುವುದನ್ನು ನಾನು ವಿರೋಧಿಸುವವನಲ್ಲ. ಕೆಡವಿದರೆ ಅಷ್ಟು ಸಿಮೆಂಟು, ಉಕ್ಕು ಮಣ್ಣುಪಾಲು. ಆದರೆ ಕಡಿದ ಮೇಲೆ ಉಳಿದದ್ದನ್ನು ಹೊಸ ಚೌಕಟ್ಟು ಎಂದೇ ಎಣಿಸಿ ಮೊದಲಿನಿಂದ ಲೆಕ್ಕ ಹಾಕಿಸಿ. ಪಿಲ್ಲರಿಗೆ ಜಾಕೆಟ್ (ಸುತ್ತಲೂ ಹೊಸ ಕಂಬಿ, ಕಾಂಕ್ರೀಟಿನ ಕವಚ) ಹಾಕುವುದಾದರೆ ಪಾಯದಿಂದಲೇ ಎಬ್ಬಿಸಿ, ಸ್ಲ್ಯಾಬ್ ತೂತು ಮಾಡಿ ಕಂಬಿಯನ್ನು ಮೇಲಕ್ಕೆ ಒಯ್ಯಬೇಕು. ನೆಲದಿಂದ ಸೀಲಿಂಗಿನವರೆಗೆ ಮಾತ್ರ ಸುತ್ತಿದ್ದು ಬರೀ ಅಲಂಕಾರ. ನಾನಾದರೆ ಈಗಿರುವ ಎರಡು ಅಂತಸ್ತನ್ನೇ ಭದ್ರ ಮಾಡಿ, ಮೇಲೆ ಹಗುರ ಶೀಟು ಹಾಕಿ ಕೈಮುಗಿಯುತ್ತೇನೆ. ಅಂಜುಬುರುಕ ಎಂಬ ಹೆಸರು ನನಗೆ ಮೊದಲೇ ಉಂಟು.

ಪ್ರಶ್ನೆ: ಬದಿಯಡ್ಕದಲ್ಲಿ ಮುರಕಲ್ಲಿನ ಹಳೆ ಮನೆ. ಫ್ರೇಮ್ ಉಳಿಸಿ ಗೋಡೆ ತೆಗೆಯಬಹುದೇ?

ಉತ್ತರ: ಅದಕ್ಕೆ ಫ್ರೇಮೇ ಇಲ್ಲ; ಹೊರುವುದು ಗೋಡೆ.

ಪ್ರಶ್ನೆ: ವಾಸ್ತುವಿಗೆ ಅಡ್ಡಬರುವ ಒಂದು ಪಿಲ್ಲರ್ ತೆಗೆಯಬಹುದೇ?

ಉತ್ತರ: ಹೇಳಿದವರು ಅದರ ಜಾಗದಲ್ಲಿ ಬಂದು ನಿಲ್ಲುವುದಾದರೆ ತೆಗೆಯಿರಿ.

ಪ್ರಶ್ನೆ: ತುಕ್ಕು ಕಂಬಿಗೆ ರೆಡ್ ಆಕ್ಸೈಡ್ ಬಳಿದು ಪ್ಲಾಸ್ಟರ್ ಮಾಡಿದರೆ ಸಾಕೇ?

ಉತ್ತರ: ಸಾಲದು. ಕಂಬಿಯ ಹಿಂಬದಿಯವರೆಗೂ ಕಾಂಕ್ರೀಟ್ ಕೊರೆದು, ತುಕ್ಕು ಉಜ್ಜಿ ತೆಗೆದು, ಉಳಿದ ಕಂಬಿಯ ದಪ್ಪ ಅಳೆದ ಮೇಲೆ ಕೇಳಿ.