ಓದುಗರ ಪ್ರಶ್ನೆ, ನಮ್ಮ ಉತ್ತರ: ಕಲ್ಲು ಊರುವ ಮೊದಲು

ಕಳೆದ ಸಂಚಿಕೆಯಲ್ಲಿ ರಸ್ತೆಗೆ ಹೋದ ತೋಟಗಳ ಬಗ್ಗೆ ಎರಡೇ ಎರಡು ಪ್ಯಾರಾ ಬರೆದಿದ್ದೆ. ಅಷ್ಟಕ್ಕೇ ರಾಶಿ ಪತ್ರ ಬಂದಿವೆ, ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು, ಸರ್ಕಾರ ಜನರ ಜಾಗ ತೆಗೆದುಕೊಳ್ಳುವ ವಿಷಯ ಒಂದನ್ನೇ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದಾರೆ, ಊರು ಮಾತ್ರ ಹಾಕಿದ್ದೇನೆ.

ನನ್ನ ಮಗ ಅಮೆರಿಕದಲ್ಲಿದ್ದಾನೆ. "ಇಲ್ಲಿ ಸರ್ಕಾರ ಯಾರ ಜಾಗಕ್ಕೂ ಕೈ ಹಾಕುವುದಿಲ್ಲ, ಈ ಗೋಳೆಲ್ಲ ನಮ್ಮಲ್ಲಿ ಮಾತ್ರ" ಎನ್ನುತ್ತಾನೆ. ನಿಜವಾ?
— ಬದಿಯಡ್ಕ

ನಿಜ ಅಲ್ಲ. ಅಲ್ಲೂ ಕೈ ಹಾಕುತ್ತಾರೆ. ನಿಮ್ಮ ಮಗನಿಗೆ ನ್ಯೂ ಲಂಡನ್ ಊರಿನ ಕಥೆ ಹೇಳಿ.

ಅದು ಕನೆಕ್ಟಿಕಟ್ ರಾಜ್ಯದಲ್ಲಿರುವ, ಸಮುದ್ರದ ದಂಡೆಯ ಸಣ್ಣ ಪಟ್ಟಣ. 1996ರಲ್ಲಿ ಅಲ್ಲಿದ್ದ ನೌಕಾಪಡೆಯ ಕೇಂದ್ರ ಮುಚ್ಚಿತು, ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. 1998ರಲ್ಲಿ ಫೈಜರ್ ಔಷಧ ಕಂಪನಿ ಪಕ್ಕದಲ್ಲೇ ದೊಡ್ಡ ಸಂಶೋಧನಾ ಕೇಂದ್ರ ಕಟ್ಟುತ್ತೇನೆ ಎಂದಿತು. ಊರಿನ ಆಡಳಿತಕ್ಕೆ ಆಸೆ ಹುಟ್ಟಿತು. ಫೋರ್ಟ್ ಟ್ರಂಬುಲ್ ಎಂಬ ಹಳೆಯ ಬಡಾವಣೆಯನ್ನು ತೆಗೆದು ಅಲ್ಲಿ ಹೋಟೆಲು, ಆಫೀಸು, ಹೊಸ ಮನೆಗಳನ್ನು ತರೋಣ, ತೆರಿಗೆ ಜಾಸ್ತಿ ಬರುತ್ತದೆ, ಉದ್ಯೋಗ ಬರುತ್ತದೆ ಎಂದು ಯೋಜನೆ ಮಾಡಿದರು. ಹೆಚ್ಚಿನವರು ಮಾರಿ ಹೋದರು. ಒಂಬತ್ತು ಮಂದಿ ಒಪ್ಪಲಿಲ್ಲ. ಅವರಲ್ಲಿ ಸೂಸೆಟ್ ಕೀಲೋ ಎಂಬ ಹೆಂಗಸು ಒಬ್ಬರು. 1997ರಲ್ಲಷ್ಟೇ ಮನೆ ಕೊಂಡಿದ್ದರು, ತಾವೇ ರಿಪೇರಿ ಮಾಡಿಸಿ ಗುಲಾಬಿ ಬಣ್ಣ ಬಳಿದಿದ್ದರು. ಅದೇ ಬಡಾವಣೆಯ ಇನ್ನೊಬ್ಬ ಅಜ್ಜಿ 1918ರಲ್ಲಿ ಅದೇ ಮನೆಯಲ್ಲಿ ಹುಟ್ಟಿ, ಆಯುಷ್ಯವಿಡೀ ಅಲ್ಲೇ ಕಳೆದವರು. ಹುಟ್ಟಿದ ಮನೆಯ ಬಾಗಿಲಿಗೆ ಎಂಬತ್ತು ದಾಟಿದ ಮೇಲೆ ನೋಟಿಸು ಬರುವುದೆಂದರೆ ಏನು ಎಂದು ನಮ್ಮ ತರವಾಡು ಮನೆಗಳ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವರ ಮನೆಗಳು ಹಾಳುಬಿದ್ದಿವೆ ಎಂದು ಸರ್ಕಾರವೂ ಹೇಳಿರಲಿಲ್ಲ. ನಕಾಶೆಯ ಗೆರೆಯ ಒಳಗೆ ಬಂದಿದ್ದವು, ಅಷ್ಟೇ. ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿನ ಸಂವಿಧಾನದಲ್ಲಿ ಸಾರ್ವಜನಿಕ ಬಳಕೆಗೆ ಖಾಸಗಿ ಆಸ್ತಿ ತೆಗೆದುಕೊಂಡರೆ ನ್ಯಾಯವಾದ ಪರಿಹಾರ ಕೊಡಬೇಕು ಎಂದಿದೆ. ರಸ್ತೆ, ಶಾಲೆ ಆದರೆ ಸರಿ. ಆದರೆ ಒಬ್ಬರ ಮನೆ ತೆಗೆದು ಇನ್ನೊಬ್ಬ ಖಾಸಗಿಯವರಿಗೆ ಕೊಡುವುದೂ ಸಾರ್ವಜನಿಕ ಬಳಕೆಯಾ? 2005ರ ಜೂನ್ 23ರಂದು ಐವರು ನ್ಯಾಯಮೂರ್ತಿಗಳು ಹೌದು ಎಂದರು, ನಾಲ್ವರು ಅಲ್ಲ ಎಂದರು. ಊರಿನ ಆದಾಯ ಹೆಚ್ಚುವುದೂ ಸಾರ್ವಜನಿಕ ಉದ್ದೇಶವೇ ಎಂಬುದು ಐವರ ಮಾತು. ಹಾಗಾದರೆ ಯಾವ ಮನೆಯನ್ನಾದರೂ ಕೆಡವಿ ಮಾಲ್ ಕಟ್ಟಬಹುದಲ್ಲ ಎಂದು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಭಿನ್ನ ತೀರ್ಪಿನಲ್ಲಿ ಎಚ್ಚರಿಸಿದರು.

ಆಮೇಲೆ ಜನ ಸಿಡಿದೆದ್ದರು. ಬಲಪಂಥದವರು, ಎಡಪಂಥದವರು, ಎಂದೂ ಒಂದೇ ಮಾತಾಡದವರು ಈ ವಿಷಯದಲ್ಲಿ ಒಂದಾದರು. ಕೆಲವೇ ವರ್ಷಗಳಲ್ಲಿ 40ಕ್ಕೂ ಜಾಸ್ತಿ ರಾಜ್ಯಗಳು ತಮ್ಮ ಕಾನೂನನ್ನು ತಿದ್ದಿದವು. ಕೋರ್ಟಿನಲ್ಲಿ ಸೋತ ಕೇಸು ಊರೂರಿನಲ್ಲಿ ಗೆದ್ದ ಹಾಗಾಯಿತು. ಆದರೆ ಎಲ್ಲ ತಿದ್ದುಪಡಿಗಳೂ ಗಟ್ಟಿ ಇರಲಿಲ್ಲ. ಫ್ಲೋರಿಡಾದಂಥ ರಾಜ್ಯ ಬಿಗಿಯಾಗಿ ಬಾಗಿಲು ಹಾಕಿತು, ಇನ್ನು ಕೆಲವು ರಾಜ್ಯಗಳು "ಹಾಳುಬಿದ್ದ ಪ್ರದೇಶ ಆದರೆ ತೆಗೆದುಕೊಳ್ಳಬಹುದು" ಎಂದು ಬರೆದು, ಹಾಳುಬಿದ್ದದ್ದು ಯಾವುದು ಎಂಬುದನ್ನು ಸಡಿಲ ಬಿಟ್ಟವು. ಅಂಥ ಸಾಲು ಒಂದಿದ್ದರೆ ಸಾಕು, ಜೆಸಿಬಿ ಒಳಗೆ ಬರುತ್ತದೆ.

ನ್ಯೂ ಲಂಡನಿಗೆ ಏನಾಯಿತು ಗೊತ್ತಾ? ಮನೆಗಳು ಹೋದವು, ಹೋಟೆಲು ಬರಲಿಲ್ಲ. 2009ರಲ್ಲಿ ಫೈಜರ್ ಊರು ಬಿಡುತ್ತೇನೆ ಎಂದಿತು. ಆ ಜಾಗ ವರ್ಷಗಟ್ಟಲೆ ಪೊದೆ ಬೆಳೆದು ಖಾಲಿ ಬಿದ್ದಿತ್ತು. 2011ರಲ್ಲಿ ಐರೀನ್ ಚಂಡಮಾರುತ ಬಂದಾಗ ಮುರಿದ ಕೊಂಬೆ, ಸೊಪ್ಪುಸದೆ ತಂದು ಸುರಿಯುವುದಕ್ಕೆ ಊರಿನವರಿಗೆ ಅದೇ ಜಾಗ ತೋರಿಸಿದರು. ಕೀಲೋ ಅವರ ಗುಲಾಬಿ ಮನೆಯನ್ನು ಬಿಚ್ಚಿ ಬೇರೆ ಕಡೆ ಜೋಡಿಸಿ ಉಳಿಸಿಕೊಂಡಿದ್ದಾರೆ. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಅಷ್ಟು ಜನರನ್ನು ಎಬ್ಬಿಸಿದ್ದು ಯಾತಕ್ಕೆ?

ಸಿಲ್ವರ್‌ಲೈನ್ ರೈಲಿಗೆ ಹಾಕಿದ ಕಲ್ಲು ಕಿತ್ತವರು ಅಭಿವೃದ್ಧಿ ವಿರೋಧಿಗಳಲ್ವಾ? ಕಾಸರಗೋಡಿಗೆ ವೇಗದ ರೈಲು ಬರುವುದು ತಪ್ಪಿತು.
— ಉಪ್ಪಳ

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ತಿರುವನಂತಪುರದಲ್ಲಿ ಒಂದು ಸಹಿಗಾಗಿ ಹಿಂದಿನ ರಾತ್ರಿಯೇ ರೈಲು ಹತ್ತುವವರು ನಾವು. 530 ಕಿಲೋಮೀಟರನ್ನು ನಾಲ್ಕು ಗಂಟೆಯಲ್ಲಿ ಮುಗಿಸುತ್ತೇವೆ ಎಂದರೆ ಯಾರಿಗೆ ಬೇಡ?

ಆದರೆ ಕ್ರಮ ನೋಡಿ. ಸುಮಾರು 64,000 ಕೋಟಿಯ ಯೋಜನೆ. 1,300 ಹೆಕ್ಟೇರಿಗೂ ಜಾಸ್ತಿ ಜಾಗ ಬೇಕಿತ್ತು. ಕೇಂದ್ರದ ಅಂತಿಮ ಒಪ್ಪಿಗೆ ಬಂದಿರಲಿಲ್ಲ. ಅಷ್ಟರಲ್ಲೇ ಪೊಲೀಸರ ಕಾವಲಿನಲ್ಲಿ ಬಂದು ಜನರ ಅಂಗಳದಲ್ಲಿ ಹಳದಿ ಕಲ್ಲು ಊರಲು ಶುರು ಮಾಡಿದರು. ಇದು ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಮಾತ್ರ, ಜಾಗ ತೆಗೆದುಕೊಂಡ ಹಾಗಲ್ಲ ಎಂದರು. ಅಂಗಳದಲ್ಲಿ ಕಲ್ಲು ಬಿದ್ದ ಜಾಗವನ್ನು ಅಡವಿಟ್ಟು ಮಗಳ ಮದುವೆಗೆ ಸಾಲ ಕೇಳಲು ಹೋದರೆ ಬ್ಯಾಂಕಿನವರು ಏನು ಹೇಳುತ್ತಾರೆ? ಜನ ಹೆದರಿದ್ದು ಅದಕ್ಕೆ. 2022ರ ಮಾರ್ಚಿನಲ್ಲಿ ಕೋಟ್ಟಯಂ ಜಿಲ್ಲೆಯ ಮಾಡಪ್ಪಳ್ಳಿಯಲ್ಲಿ ಹೆಂಗಸರನ್ನು ಪೊಲೀಸರು ಎಳೆದಾಡಿದ್ದನ್ನು ಟಿವಿಯಲ್ಲಿ ಇಡೀ ಕೇರಳ ನೋಡಿತು. ಮೇ ತಿಂಗಳಲ್ಲಿ ಸರ್ಕಾರ ಕಲ್ಲು ಹಾಕುವುದನ್ನು ಬಿಟ್ಟು ಜಿಪಿಎಸ್‌ನಲ್ಲಿ ಗುರುತು ಮಾಡುತ್ತೇವೆ ಎಂದಿತು. ಹಾಗಾದರೆ ಕಲ್ಲಿಲ್ಲದೆಯೂ ಅಧ್ಯಯನ ಆಗುತ್ತಿತ್ತು, ಅಲ್ವಾ? ನವೆಂಬರಿನಲ್ಲಿ ಜಾಗದ ಕೆಲಸಕ್ಕೆ ಹಾಕಿದ್ದ ಸಿಬ್ಬಂದಿಯನ್ನೂ ವಾಪಸ್ ಕರೆಸಿಕೊಂಡಿತು.

ರೈಲು ಬೇಕು ಎನ್ನುವವರು ಮೊದಲು ಸಿಟ್ಟು ಮಾಡಬೇಕಾದದ್ದು ಕೇಳದೆ ಕಲ್ಲು ಹಾಕಿದವರ ಮೇಲೆ. ಕಿತ್ತವರ ಮೇಲೆ ಕೇಸೂ ಬಿತ್ತು, ಅದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಕಲ್ಲು ಕೀಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಭೂಸುಧಾರಣೆಯಲ್ಲಿ ನಮ್ಮ ಅಜ್ಜನ ಭೂಮಿ ಹೋದಾಗ ಯಾರೂ ಬಾಯಿ ಬಿಡಲಿಲ್ಲ. ಈಗ ರಸ್ತೆಗೆ ಹತ್ತು ಸೆಂಟ್ಸ್ ಹೋದರೆ ಇಷ್ಟು ಗಲಾಟೆ ಯಾಕೆ?
— ಕುಂಬಳೆ

ಯಾರೂ ಬಾಯಿ ಬಿಡಲಿಲ್ಲ ಎಂಬುದು ಸರಿಯಲ್ಲ. ಬಾಯಿ ಬಿಟ್ಟದ್ದೇ ನಮ್ಮ ಊರು! ಈಗಿನ ಕಾಸರಗೋಡು ಮತ್ತು ಹೊಸದುರ್ಗ ತಾಲೂಕಿನ ಊರುಗಳು 1956ರವರೆಗೆ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು, ಇಲ್ಲಿನದ್ದು ರೈತವಾರಿ ಪದ್ಧತಿ, ಎಂದರೆ ಪಟ್ಟಾದಾರರೇ ನೇರವಾಗಿ ಸರ್ಕಾರಕ್ಕೆ ತೀರ್ವೆ ಕಟ್ಟುವ ಕ್ರಮ. ಕೇರಳದ 1961ರ ಕೃಷಿ ಸಂಬಂಧಗಳ ಕಾಯ್ದೆ ನಮ್ಮ ರೈತವಾರಿ ಭೂಮಿಗೆ ಸಲ್ಲದು ಎಂದು ಇಲ್ಲಿನ ಪಟ್ಟಾದಾರರು ಸುಪ್ರೀಂ ಕೋರ್ಟಿಗೆ ಹೋದರು. ಕರಿಂಬಿಲ್ ಕುಂಞಿಕೋಮನ್ ಕೇಸು ಎಂದೇ ಅದು ಕಾನೂನು ಪುಸ್ತಕಗಳಲ್ಲಿದೆ. 1961ರ ಡಿಸೆಂಬರಿನಲ್ಲಿ ಅವರು ಗೆದ್ದರು. ಆದರೆ ಗೆಲುವು ಬಾಳಲಿಲ್ಲ. 1964ರಲ್ಲಿ ಸಂವಿಧಾನದ 17ನೇ ತಿದ್ದುಪಡಿ ಬಂತು, ರೈತವಾರಿ ಭೂಮಿಯನ್ನೂ ಭೂಸುಧಾರಣೆಯ ವ್ಯಾಪ್ತಿಯೊಳಗೆ ಸೇರಿಸಿತು. 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ಹೋಯಿತು.

ನಾನು ನೇರವಾಗಿ ಹೇಳುತ್ತೇನೆ, ಆ ಕಾನೂನು ಬರಬೇಕಾಗಿತ್ತು. ತಲೆಮಾರುಗಳ ಕಾಲ ಉತ್ತವರ ಕೈಗೆ ಭೂಮಿ ಬಂತು. ಹಾಗೆಂದು ಎರಡೆಕರೆ ಗೇಣಿಯನ್ನೇ ನಂಬಿ ಬದುಕುತ್ತಿದ್ದ ವಿಧವೆಯರ ಮನೆಯ ಕಣ್ಣೀರು ಸುಳ್ಳಲ್ಲ, ನಿಮ್ಮ ಅಜ್ಜನ ನೋವೂ ಸುಳ್ಳಲ್ಲ. ನನಗೆ ಮುಖ್ಯವಾಗಿ ಕಾಣುವುದು, ತೆಗೆದ ಭೂಮಿ ಯಾರ ಕೈ ಸೇರಿತು ಎಂಬುದು. ಅಂದು ಗದ್ದೆಯಲ್ಲಿ ಕಾಲಿಟ್ಟವನಿಗೆ ಸಿಕ್ಕಿತು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ 2006ರಲ್ಲಿ ಸುಮಾರು 1,000 ಎಕರೆಯನ್ನು ಕಾರು ಕಾರ್ಖಾನೆಗೆಂದು ತೆಗೆದರು, ಕಾರ್ಖಾನೆ ಗುಜರಾತಿಗೆ ಹೋಯಿತು, 2016ರಲ್ಲಿ ಸುಪ್ರೀಂ ಕೋರ್ಟು ಆ ಸ್ವಾಧೀನವನ್ನೇ ರದ್ದು ಮಾಡಿ ಭೂಮಿ ವಾಪಸ್ ಕೊಡಿ ಎಂದಿತು. ಹತ್ತು ವರ್ಷ ಆಗಿತ್ತು. ಗದ್ದೆಯ ಮೇಲೆ ಕಾಂಕ್ರೀಟು ಬಿದ್ದಿತ್ತು.

ಆಸ್ತಿ ನಮ್ಮ ಮೂಲಭೂತ ಹಕ್ಕಲ್ವಾ?
— ಹೊಸಂಗಡಿ

ಈಗ ಅಲ್ಲ. 1978ರ 44ನೇ ತಿದ್ದುಪಡಿಯಲ್ಲಿ ಆ ಪಟ್ಟಿಯಿಂದ ತೆಗೆದರು. ಆದರೆ 300ಎ ವಿಧಿ ಇದೆ. ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಹಿಮಾಚಲದ ವಿದ್ಯಾದೇವಿ ಎಂಬ ಓದುಬರಹ ಬಾರದ ಅಜ್ಜಿಯ ಜಾಗದಲ್ಲಿ 1967–68ರಲ್ಲಿ ರಸ್ತೆ ಮಾಡಿದ್ದರು, ಸ್ವಾಧೀನದ ಕ್ರಮ ಇಲ್ಲ, ಪರಿಹಾರ ಇಲ್ಲ. ಕೇಳಿದ್ದಕ್ಕೆ ಇಷ್ಟು ವರ್ಷ ನಮ್ಮ ಕೈಯಲ್ಲೇ ಇತ್ತು, ಹಾಗಾಗಿ ನಮ್ಮದೇ ಎಂದು ಸರ್ಕಾರ ವಾದಿಸಿತು. 2020ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಆಗ ಆಕೆಗೆ ಸುಮಾರು 80 ವರ್ಷ.

ನಮ್ಮ ಒಂದು ಸೆಂಟ್ಸ್ ಜಾಗವೂ ಹೋಗಿಲ್ಲ. ಆದರೆ ರಸ್ತೆಗೆಂದು ಮೇಲಿನ ಗುಡ್ಡೆ ಕತ್ತರಿಸಿದ ಮೇಲೆ ಸುರಂಗದ ನೀರು ನಿಂತಿದೆ. ತೋಟ ಒಣಗುತ್ತಿದೆ. ನಮ್ಮನ್ನು ಕೇಳುವವರಿಲ್ಲ.
— ಪೈವಳಿಕೆ

ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ, ಅಮ್ಮ. ಹೊರಗಿನ ಓದುಗರಿಗೆ ಒಂದು ಮಾತು: ನಮ್ಮಲ್ಲಿ ಸುರಂಗ ಎಂದರೆ ರೈಲಿನದ್ದಲ್ಲ. ಮುರಕಲ್ಲಿನ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದುಕೊಂಡು ಹೋದ ನೀರಿನ ದಾರಿ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಜಾಗ, ದೀಪ ಹಿಡಿದು ಪಿಕಾಸಿಯಲ್ಲಿ ಕೊರೆದದ್ದು. ಪಂಪು ಬೇಡ, ಕರೆಂಟು ಬೇಡ. ಒಳಗೆ ತೊಟ್ಟಿಕ್ಕಿದ ನೀರು ಹರಿದು ಬಂದು ಅಡಿಕೆ ಮರ ಸೀಳಿ ಮಾಡಿದ ದಂಬೆಯ ಮೇಲಿಂದ ಕೆರೆಗೆ ಬೀಳುತ್ತದೆ. ಆ ಶಬ್ದ ಕೇಳಿಕೊಂಡೇ ಮಲಗಿದವರಿಗೆ ಅದು ನಿಂತ ರಾತ್ರಿ ನಿದ್ದೆ ಹೇಗೆ ಬರಬೇಕು?

ಮಹಜರಿನಲ್ಲಿ ತೆಂಗು ಎಷ್ಟು, ಬಾವಿ ಎಷ್ಟು ಎಂದು ಬರೆಯುತ್ತಾರೆ. ಸುರಂಗವನ್ನು ನಾವೇ ತೋರಿಸಿ ಬರೆಸಬೇಕು, ಹೊರಗಿನಿಂದ ಬಂದ ಸರ್ವೇಯರಿಗೆ ಅದು ಬರೀ ತೂತು. ನಿಮ್ಮ ಜಾಗದ ಒಂದು ಮೂಲೆಯಾದರೂ ಹೋಗಿದ್ದರೆ ಉಳಿದ ತೋಟಕ್ಕಾದ ಹಾನಿಯನ್ನೂ ಲೆಕ್ಕ ಹಿಡಿಯಲೇಬೇಕು, 2013ರ ಭೂಸ್ವಾಧೀನ ಕಾಯ್ದೆಯಲ್ಲೂ ಇದೆ, ಹೆದ್ದಾರಿ ಕಾಯ್ದೆಯಲ್ಲೂ ಇದೆ. ನಿಮ್ಮದು ಕಷ್ಟ, ಏಕೆಂದರೆ ಏನೂ ಹೋಗಿಲ್ಲ. ಆಗ ಹಿಡಿಯಬೇಕಾದ ದಾರಿ ಅನುಭೋಗದ ಹಕ್ಕು. ಬೇರೆಯವರ ಗುಡ್ಡೆಯಿಂದ 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದ ನೀರು ತಂದಿದ್ದರೆ ಅದು ಹಕ್ಕಾಗಿ ನಿಲ್ಲಬಹುದು, ಸರ್ಕಾರಿ ಜಾಗವಾದರೆ 30 ವರ್ಷ. ಹೆದ್ದಾರಿ ಕಾಯ್ದೆಯಲ್ಲಿ ಇಂಥ ಹಕ್ಕಿಗೆ ಧಕ್ಕೆಯಾದವರಿಗೂ ಹಣ ಕೊಡುವ ಮಾತಿದೆ. ಹಳೆಯ ಪಾಲುಪಟ್ಟಿಯಲ್ಲಿ ಸುರಂಗದ ಪ್ರಸ್ತಾಪ ಇದೆಯಾ ನೋಡಿ. ಕೊರೆದ ಆಳುಗಳಲ್ಲಿ ಯಾರಾದರೂ ಬದುಕಿದ್ದರೆ ಅವರ ಹೇಳಿಕೆ ಬರೆಸಿಕೊಳ್ಳಿ. ಒಣಗಿದ ಕೆರೆಯ ಫೋಟೋ ಈಗಲೇ ತೆಗೆಸಿ, ಮಳೆ ಬಂದ ಮೇಲೆ ಯಾರೂ ನಂಬುವುದಿಲ್ಲ. ಭೂಮಿ ವ್ಯವಹಾರ ಗೊತ್ತಿರುವ ವಕೀಲರನ್ನು ಒಮ್ಮೆ ಕಾಣಿ.

ಪರಿಹಾರದ ಹಣ ತೆಗೆದುಕೊಂಡರೆ ಆಮೇಲೆ ಜಾಸ್ತಿ ಕೇಳಲು ಆಗುವುದಿಲ್ಲ ಎನ್ನುತ್ತಾರೆ.
— ಮುಳ್ಳೇರಿಯ

ಸುಮ್ನೆ ಸಹಿ ಹಾಕಿ ತೆಗೆದುಕೊಂಡರೆ ಆಗುವುದಿಲ್ಲ. ಆಕ್ಷೇಪಣೆ ಇಟ್ಟುಕೊಂಡೇ ಪಡೆಯುತ್ತಿದ್ದೇನೆ ಎಂದು ಸಹಿಯ ಮೇಲೆ ಬರೆದು ತೆಗೆದುಕೊಂಡರೆ, 2013ರ ಕಾಯ್ದೆಯಲ್ಲಿ ಮುಂದೆ ಹೋಗುವ ದಾರಿ ತೆರೆದಿರುತ್ತದೆ. ಪರಿಹಾರದ ಮೊತ್ತ ತೀರ್ಮಾನಿಸಿದ ದಿನ ನೀವು ಅಧಿಕಾರಿಯ ಮುಂದೆಯೇ ಇದ್ದರೆ ಆರು ವಾರದೊಳಗೆ ಅರ್ಜಿ ಕೊಡಬೇಕು.

ನೋಟಿಸು ಮಲಯಾಳದಲ್ಲಿ ಬರುತ್ತದೆ. ಓದಲು ಬರುವುದಿಲ್ಲ. ಏನು ಮಾಡಲಿ?
— ಪೆರ್ಲ

ಇದು ನಮ್ಮ ಮನೆಯಲ್ಲೇ ಆಗಿದೆ. ನಮ್ಮ ಚಿಕ್ಕಮ್ಮನಿಗೆ ಒಂದು ಕಾಗದ ಬಂತು. ಕರೆಂಟಿನದ್ದು ಇರಬೇಕು ಎಂದುಕೊಂಡು ಪಂಚಾಂಗದ ಒಳಗಿಟ್ಟರು. ಓಣಂ ರಜೆಗೆ ಮೊಮ್ಮಗಳು ಬಂದು ಓದಿದಾಗ ಗೊತ್ತಾಯಿತು, ಹಟ್ಟಿಯ ಹಿಂದಿನ ಜಾಗ ರಸ್ತೆಗೆ ಹೋಗುತ್ತದೆ, ಆಕ್ಷೇಪಣೆ ಇದ್ದರೆ ಹೇಳಿ ಎಂದು ಅದರಲ್ಲಿತ್ತು. ವಾಯಿದೆ ಮುಗಿದು ಎರಡು ವಾರ ಆಗಿತ್ತು. ಚಿಕ್ಕಮ್ಮ ಏನೂ ಮಾತಾಡಲಿಲ್ಲ, ಆ ಕಾಗದವನ್ನು ಮತ್ತೆ ಮಡಚಿ ಅಲ್ಲೇ ಇಟ್ಟರು.

ಹೆದ್ದಾರಿಗಾದರೆ ಪ್ರಕಟಣೆಯಿಂದ ಬರೀ 21 ದಿನ, 2013ರ ಕಾಯ್ದೆಯಲ್ಲಿ 60 ದಿನ. ಅದರಲ್ಲಿ ಭಾಷೆ ತಿಳಿಯದೆ ಕಳೆದ ಒಂದೊಂದು ದಿನವೂ ನಷ್ಟ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ನಮ್ಮ ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಹಾಗಾಗಿ ಕಾಗದ ಬಂದ ದಿನವೇ ಕನ್ನಡದಲ್ಲಿ ಎರಡು ಸಾಲು ಬರೆಯಿರಿ: ಇಂಥ ನಂಬರಿನ ನೋಟಿಸು ಬಂದಿದೆ, ನನಗೆ ಮಲಯಾಳ ಓದಲು ಬರುವುದಿಲ್ಲ, ಕನ್ನಡದಲ್ಲಿ ಕೊಡಿ, ನನ್ನ ಆಕ್ಷೇಪಣೆ ಇದೆ. ಕನ್ನಡದ ಪ್ರತಿ ಬರಲಿ ಎಂದು ಮಾತ್ರ ಕಾಯಬೇಡಿ, ಅಕ್ಕಪಕ್ಕದ ಶಾಲೆ ಮಕ್ಕಳಿಂದ ಅಂದೇ ಓದಿಸಿ. ಲಕೋಟೆ ಎಸೆಯಬೇಡಿ, ಅದರ ಮೇಲೆ ಕೈಗೆ ತಲುಪಿದ ತಾರೀಕು ಬರೆದು ತೀರ್ವೆ ರಶೀದಿಯ ಜೊತೆ ಇಡಿ.