ಉಪಕರಣದ ಫೈಲಿಗೆ ಪೈಥಾನ್ ಕೀಲಿಕೈ: ಓದುಗರ ಪ್ರಶ್ನೆ, ನಮ್ಮ ಉತ್ತರ

(ಕೋಡ್‌ನ ಪದಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಮೂಲ ಇಂಗ್ಲಿಷ್ ಕಾಗುಣಿತವನ್ನೇ ಬಳಸಿ.)

ಪ್ರಶ್ನೆ: ನಮ್ಮ ಉಪಕರಣ ಉಳಿಸುವ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಬರೀ ಚೌಕಗಳು, ವಿಚಿತ್ರ ಚಿಹ್ನೆಗಳು. ತಯಾರಕರ ತಂತ್ರಾಂಶ ಒಂದೇ ಕಂಪ್ಯೂಟರಿನಲ್ಲಿದೆ. ಪೈಥಾನ್‌ನಿಂದ ಓದಲು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಫೈಲಿನ ಬಾಲ ನೋಡಬೇಡಿ, ತಲೆ ನೋಡಿ. '.ರಾ', '.ಡ್ಯಾಟ್' ಎಂಬ ಬಾಲಗಳನ್ನು ಒಂದಕ್ಕೊಂದು ಸಂಬಂಧವೇ ಇಲ್ಲದ ಎಷ್ಟೋ ಫಾರ್ಮ್ಯಾಟುಗಳು ಹಂಚಿಕೊಂಡಿವೆ. ಮೂಲ ಫೈಲಿನ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯನ್ನು ಓಪನ್‌ಗೆ 'ಆರ್‌ಬಿ' ಕೊಟ್ಟು ತೆರೆದು, ಮೊದಲ 16 ಬೈಟುಗಳನ್ನು ಮುದ್ರಿಸಿ. 'ಬಿ' ಬಿಟ್ಟರೆ ಪೈಥಾನ್ ಅದನ್ನು ಪಠ್ಯವೆಂದು ಅರ್ಥೈಸಲು ಹೋಗಿ ಎಡವುತ್ತದೆ.

ಶುರುವಿನಲ್ಲಿ 'ಪಿಕೆ' ಎಂಬ ಎರಡಕ್ಷರ ಕಂಡರೆ ಅದು ಜಿಪ್. ಗುಟ್ಟಿನದೆಂದು ತೋರುವ ಎಷ್ಟೋ ಫಾರ್ಮ್ಯಾಟುಗಳು ಒಳಗೆ ಎಕ್ಸ್‌ಎಂಎಲ್ ಮತ್ತು ಬೈನರಿ ತುಂಡುಗಳಿರುವ ಜಿಪ್ ಪೊಟ್ಟಣಗಳಷ್ಟೇ. ಪೈಥಾನ್‌ನ ಜಿಪ್‌ಫೈಲ್ ಮಾಡ್ಯೂಲೇ ಸಾಕು. ಹೆಕ್ಸ್‌ನಲ್ಲಿ (16ರ ಆಧಾರದ ಅಂಕಿಗಳಲ್ಲಿ) 'ಡಿ0 ಸಿಎಫ್ 11 ಇ0' ಬಂದರೆ ಮೈಕ್ರೋಸಾಫ್ಟ್‌ನ ಓಎಲ್‌ಇ ಸಂಯುಕ್ತ ಫೈಲ್. ಓಎಲ್‌ಇಫೈಲ್ ಲೈಬ್ರರಿಯ ಲಿಸ್ಟ್‌ಡಿರ್ ಕರೆದರೆ ಒಳಗಿನ ಕೋಣೆಗಳ ಪಟ್ಟಿ ಸಿಗುತ್ತದೆ. ಮೊದಲ ಬೈಟ್ 89, ಆಮೇಲೆ 'ಎಚ್‌ಡಿಎಫ್' ಇದ್ದರೆ ಅದು ಎಚ್‌ಡಿಎಫ್5 ಫೈಲ್, ಓದಲು ಎಚ್5ಪೈ ಲೈಬ್ರರಿ. 'ಎಸ್‌ಕ್ಯುಲೈಟ್ ಫಾರ್ಮ್ಯಾಟ್ 3' ಎಂದೇ ಬರೆದಿದ್ದರೆ ಅದು ಡೇಟಾಬೇಸ್; ಎಸ್‌ಕ್ಯುಲೈಟ್3 ಮಾಡ್ಯೂಲ್ ಪೈಥಾನ್ ಜೊತೆಗೇ ಬರುತ್ತದೆ.

ಯಾವುದೂ ಅಲ್ಲದಿದ್ದರೆ, ಯಾರಾದರೂ ಈಗಾಗಲೇ ದಾರಿ ಮಾಡಿಟ್ಟಿದ್ದಾರೆಯೇ ನೋಡಿ. ಬಯೋಲಾಜಿಕ್‌ನ '.ಎಂಪಿಆರ್' ಫೈಲುಗಳಿಗೆ ಗಾಲ್ವಾನಿ, ಬ್ರೂಕರ್ ಓಪಸ್‌ಗೆ ಬ್ರೂಕರ್‌ಓಪಸ್‌ರೀಡರ್, ಆಕ್ಸನ್‌ನ '.ಎಬಿಎಫ್'ಗೆ ಪೈಎಬಿಎಫ್, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ '.ಡಿಎಂ3', '.ಡಿಎಂ4'ಗಳಿಗೆ ರೊಸೆಟಾಸೈಐಓ, ನಿಕಾನ್‌ನ '.ಎನ್‌ಡಿ2'ಗೆ ಅದೇ ಹೆಸರಿನ ಲೈಬ್ರರಿ ಇವೆ. ಆದರೆ ಲೈಬ್ರರಿ ಫೈಲನ್ನು ತೆರೆದ ಮಾತ್ರಕ್ಕೆ ಸಂಖ್ಯೆಗಳು ಸರಿ ಎಂದಲ್ಲ. ತಯಾರಕರ ತಂತ್ರಾಂಶ ಹೊಸ ಆವೃತ್ತಿಗೆ ಏರಿದಾಗ ಹೆಡರಿಗೆ (ಡೇಟಾಕ್ಕೆ ಮೊದಲು ಬರುವ ವಿವರಗಳ ಭಾಗಕ್ಕೆ) ನಾಲ್ಕು ಬೈಟ್ ಸೇರಿದರೆ ಸಾಕು, ಆಮೇಲಿನದೆಲ್ಲ ಸರಿದುಹೋಗುತ್ತದೆ. ಆದ್ದರಿಂದ ಆ ಒಂದೇ ಕಂಪ್ಯೂಟರಿನಲ್ಲಿ ಕುಳಿತು ಒಂದೆರಡು ಫೈಲುಗಳನ್ನು ಪಠ್ಯವಾಗಿ ರಫ್ತು ಮಾಡಿಟ್ಟುಕೊಳ್ಳಿ. ಪೈಥಾನ್ ಓದಿದ ಸರಣಿಯನ್ನು ಅದರ ಜೊತೆ ನಂಪೈ ಲೈಬ್ರರಿಯ ಆಲ್‌ಕ್ಲೋಸ್‌ನಿಂದ ಹೋಲಿಸುವವರೆಗೆ ಯಾವ ಗ್ರಾಫನ್ನೂ ನಂಬಬೇಡಿ.

ಪ್ರಶ್ನೆ: ನಮ್ಮ ಇನ್‌ಫ್ರಾರೆಡ್ ಸ್ಪೆಕ್ಟ್ರಂ ಫೈಲಿನ ಬಾಲ '.ಎಸ್‌ಪಿಸಿ', ಗಾತ್ರ 14,948 ಬೈಟ್. ಸ್ಪೆಕ್ಟ್ರಂ 4000ರಿಂದ 400ರವರೆಗೆ, ಪ್ರತಿ 1 ತರಂಗಸಂಖ್ಯೆಗೆ ಒಂದು ಬಿಂದು. ಫ್ಲೋಟ್ (ದಶಮಾಂಶ ಸಂಖ್ಯೆ) ಎಂದು ಓದಿದರೆ ಅರ್ಥವಿಲ್ಲದ ಸಂಖ್ಯೆಗಳು. ಪೂರ್ಣಾಂಕ ಎಂದು ಓದಿದರೆ ಆಕಾರ ಸರಿಯಿದೆ, ಆದರೆ ಮೌಲ್ಯಗಳು ಕೋಟಿಗಳಲ್ಲಿವೆ. ಎಲ್ಲಿ ತಪ್ಪಿದೆ?

ಉತ್ತರ: ಗಾತ್ರ ಕೊಟ್ಟಿದ್ದು ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ. 4000ರಿಂದ 400ಕ್ಕೆ ಬಿಂದುಗಳು 3600 ಅಲ್ಲ, 3601. ತಲಾ 4 ಬೈಟಿನಂತೆ 14,404. ಅದನ್ನು ಕಳೆದರೆ ಉಳಿಯುವುದು 544, ಅಂದರೆ 512 ಬೈಟಿನ ಮುಖ್ಯ ಹೆಡರ್ ಮತ್ತು 32 ಬೈಟಿನ ಉಪಹೆಡರ್. ಇದು ಗ್ಯಾಲಾಕ್ಟಿಕ್ ಎಸ್‌ಪಿಸಿ ಫಾರ್ಮ್ಯಾಟಿನ ಹೊಸ ರೂಪದ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಖಚಿತಪಡಿಸಿಕೊಳ್ಳಲು ಎರಡನೆಯ ಬೈಟ್ ನೋಡಿ: ಹೆಕ್ಸ್‌ನಲ್ಲಿ 4ಬಿ ಇರಬೇಕು. 4ಡಿ ಇದ್ದರೆ ಅದು ಹಳೆಯ ರೂಪ, ಅಲ್ಲಿ ಹೆಡರಿನ ಜೋಡಣೆಯೇ ಬೇರೆ.

ಹೆಡರಿನ ಮೊದಲ 28 ಬೈಟುಗಳನ್ನು ಸ್ಟ್ರಕ್ಟ್ ಮಾಡ್ಯೂಲಿನ ಅನ್‌ಪ್ಯಾಕ್_ಫ್ರಮ್‌ನಿಂದ ಬಿಚ್ಚಿ. ಕ್ರಮ ಹೀಗಿದೆ: ಸೂಚಕ, ಆವೃತ್ತಿ, ಪ್ರಯೋಗದ ಬಗೆ, ಘಾತಾಂಕ, ಹೀಗೆ ಒಂದೊಂದು ಬೈಟು ನಾಲ್ಕು, ಬಿಂದುಗಳ ಎಣಿಕೆ 4 ಬೈಟ್, ಮೊದಲ ಎಕ್ಸ್ ಮತ್ತು ಕೊನೆಯ ಎಕ್ಸ್ ತಲಾ 8 ಬೈಟಿನ ಡಬಲ್, ಉಪಸ್ಪೆಕ್ಟ್ರಂಗಳ ಎಣಿಕೆ 4 ಬೈಟ್. ಘಾತಾಂಕವನ್ನು ಚಿಹ್ನೆಸಹಿತ ಬೈಟಾಗಿ, ಅಂದರೆ ಸಣ್ಣ 'ಬಿ' ಬಳಸಿ ಓದಬೇಕು. ನಿಮ್ಮ ಗಂಟು ಇರುವುದು ಇಲ್ಲೇ. ಆ ಘಾತಾಂಕ −128 ಆಗಿದ್ದರೆ ವೈ ಮೌಲ್ಯಗಳು ನೇರ 32 ಬಿಟ್ ಫ್ಲೋಟುಗಳು. ಬೇರೇನಾದರೂ ಇದ್ದರೆ ಅವು ಪೂರ್ಣಾಂಕಗಳು. ಪ್ರತಿಯೊಂದನ್ನೂ 2ರ ಆ ಘಾತದಿಂದ ಗುಣಿಸಿ, 2ರ 32ನೇ ಘಾತದಿಂದ ಭಾಗಿಸಬೇಕು. ಘಾತಾಂಕ 1, ಫೈಲಿನಲ್ಲಿ 75,16,19,277 ಎಂದಿದ್ದರೆ ನಿಜವಾದ ಹೀರಿಕೆ 0.35. ಮೌಲ್ಯ ಕೋಟಿಗಳಲ್ಲಿ ಬಂದದ್ದಕ್ಕೆ ಕಾರಣ ಇಷ್ಟೇ.

ಓದುವ ಸಾಲು: ನಂಪೈನ ಫ್ರಮ್‌ಬಫರ್, ಡಿಟೈಪ್ '<ಐ4' ('<' ಎಂದರೆ ಕಡಿಮೆ ಬೆಲೆಯ ಬೈಟ್ ಮೊದಲು, '>' ಎಂದರೆ ಕೊನೆಗೆ; 'ಐ' ಪೂರ್ಣಾಂಕ, 'ಎಫ್' ಫ್ಲೋಟ್, ಮುಂದಿನ ಅಂಕಿ ಬೈಟುಗಳ ಎಣಿಕೆ), ಕೌಂಟ್ 3601, ಆಫ್‌ಸೆಟ್ 544. ಕೌಂಟ್ ಕೊಡದೆ ಬಿಡಬೇಡಿ. ಡೇಟಾ ಮುಗಿದ ಮೇಲೆ ಲಾಗ್ ಭಾಗ ಅಂಟಿರುವ ಫೈಲುಗಳಲ್ಲಿ ಸ್ಪೆಕ್ಟ್ರಂನ ಕೊನೆಗೆ ಕಸ ಸೇರಿಕೊಳ್ಳುತ್ತದೆ. ಮೊದಲ ಬೈಟಿನಲ್ಲಿ ಹೆಕ್ಸ್ 80ರ ಬಿಟ್ ಎದ್ದಿದ್ದರೆ ಎಕ್ಸ್ ಮೌಲ್ಯಗಳನ್ನೂ ಫೈಲಿನಲ್ಲೇ ಬರೆದಿರುತ್ತಾರೆ, 01ರ ಬಿಟ್ ಎದ್ದಿದ್ದರೆ ವೈ ಮೌಲ್ಯಗಳು 16 ಬಿಟ್ಟಿನವು. ಎರಡರಲ್ಲಿ ಯಾವುದೊಂದು ಇದ್ದರೂ ಮೇಲಿನ ಗಾತ್ರದ ಲೆಕ್ಕ ಕೂರುವುದೇ ಇಲ್ಲ, ಹಾಗಾಗಿ ನಿಮ್ಮ ಫೈಲಿಗೆ ಆ ಚಿಂತೆ ಇಲ್ಲ.

ಎಕ್ಸ್ ಅಕ್ಷವನ್ನು ಲಿನ್‌ಸ್ಪೇಸ್‌ಗೆ ಮೊದಲ ಬೆಲೆ, ಕೊನೆಯ ಬೆಲೆ, ಬಿಂದುಗಳ ಎಣಿಕೆ ಕೊಟ್ಟು ಕಟ್ಟಿ. ಅಂತರವನ್ನು ಕೈಯಾರೆ ಲೆಕ್ಕ ಹಾಕುವವರು 3600ನ್ನು 3601ರಿಂದ ಭಾಗಿಸುವ ತಪ್ಪು ಮಾಡುತ್ತಾರೆ. ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. 400ರ ತುದಿಗೆ ಬರುವಷ್ಟರಲ್ಲಿ ಶಿಖರಗಳು ಸುಮಾರು 1 ತರಂಗಸಂಖ್ಯೆ ಜಾರಿರುತ್ತವೆ.

ಪ್ರಶ್ನೆ: ಫಾರ್ಮ್ಯಾಟಿನ ದಾಖಲೆ ಎಲ್ಲೂ ಸಿಗದಿದ್ದರೆ ಡೇಟಾ ಎಲ್ಲಿ ಶುರುವಾಗುತ್ತದೆಂದು ಪತ್ತೆ ಹಚ್ಚುವುದು ಹೇಗೆ?

ಉತ್ತರ: ರಫ್ತು ಮಾಡಿದ ಪಠ್ಯವೇ ಇಲ್ಲಿ ನಿಮ್ಮ ದೀಪ. ಅದರಿಂದ ಒಂದು ಮೌಲ್ಯ ತೆಗೆದು, ಸ್ಟ್ರಕ್ಟ್.ಪ್ಯಾಕ್ ಮಾಡಿ, ಫೈಲಿನಲ್ಲಿ ಫೈಂಡ್‌ನಿಂದ ಹುಡುಕುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ರಫ್ತಿನಲ್ಲಿ ಅಂಕಿಗಳನ್ನು ದುಂಡಗೆ ಮಾಡಿರುವುದರಿಂದ ಬೈಟುಗಳು ತಾಳೆಯಾಗದೆ ಹುಡುಕಾಟ ಬರಿಗೈಲಿ ಮರಳುತ್ತದೆ. ಬದಲಿಗೆ ಇಡೀ ಫೈಲನ್ನು ಆಫ್‌ಸೆಟ್ 0, 1, 2, 3ರಿಂದ ನಾಲ್ಕು ಬಾರಿ '<ಎಫ್4' ಆಗಿ ಓದಿ. ಪ್ರತಿ ಸಲವೂ, ರಫ್ತಿನ ಸತತ ಐದು ಮೌಲ್ಯಗಳಿಗೆ ಸಮೀಪದ ಸಾಲು ಎಲ್ಲಿದೆಯೆಂದು ನಂಪೈನ ಈಸ್‌ಕ್ಲೋಸ್‌ನಿಂದ ಹುಡುಕಿ. ಸಿಗದಿದ್ದರೆ '<ಎಫ್8'ಕ್ಕೆ ಎಂಟು ಆಫ್‌ಸೆಟ್‌ಗಳು, ಆಮೇಲೆ '>' ಕ್ರಮ. ಐದೂ ಮೌಲ್ಯಗಳು ಸೊನ್ನೆಯ ಆಸುಪಾಸಿನವಾಗಿದ್ದರೆ ಎಲ್ಲೆಲ್ಲೂ ಸುಳ್ಳು ತಾಳೆ ಬರುತ್ತದೆ, ಶಿಖರದ ನೆತ್ತಿಯಿಂದ ಆರಿಸಿಕೊಳ್ಳಿ.

ಅದೂ ಸಿಗದಿದ್ದರೆ ಎಡಿಸಿ (ಸಂಕೇತವನ್ನು ಅಂಕಿಯಾಗಿಸುವ ಭಾಗ) ಕೊಟ್ಟ ಕಚ್ಚಾ ಪೂರ್ಣಾಂಕಗಳೇ ಒಳಗಿರಬಹುದು. ಆಗ '<ಐ2', '<ಐ4' ಆಗಿ ಓದಿ ಗ್ರಾಫ್ ಎಳೆಯಿರಿ. ಪರಿಚಿತ ಆಕಾರ ಕಂಡ ಜಾಗದಲ್ಲಿ, ರಫ್ತಿನ ಮೌಲ್ಯಗಳೆದುರು ನೇರ ರೇಖೆ ಹೊಂದಿಸಿದರೆ ಗುಣಕ ಮತ್ತು ಆಫ್‌ಸೆಟ್ ಎರಡೂ ಸಿಗುತ್ತವೆ. ಆ ಗುಣಕವನ್ನು ಕೋಡಿನಲ್ಲಿ ಹಾಗೇ ಬರೆದುಬಿಡಬೇಡಿ. ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಬದಲಾದರೆ ಅದೂ ಬದಲಾಗುತ್ತದೆ, ಅದು ಹೆಡರಿನಲ್ಲೇ ಎಲ್ಲೋ ಇರುತ್ತದೆ. ಹುಡುಕಲು, ಒಂದೇ ಒಂದು ಸೆಟ್ಟಿಂಗ್ ಬದಲಿಸಿ ಎರಡು ಚಿಕ್ಕ ಅಳತೆ ಮಾಡಿ, ಎರಡು ಫೈಲುಗಳ ಹೆಡರನ್ನು ಬೈಟಿಗೆ ಬೈಟ್ ಹೋಲಿಸಿ. ದಿನಾಂಕ, ಸಮಯ, ಫೈಲ್ ಹೆಸರು ಹೇಗೂ ಬದಲಾಗಿರುತ್ತವೆ. ಅವನ್ನು ಬಿಟ್ಟು ಉಳಿದದ್ದು ನಿಮಗೆ ಬೇಕಾದದ್ದು.

ಬೈಟ್ ಕ್ರಮ ತಲೆಕೆಳಗಾದಾಗ ಗುರುತು ಸ್ಪಷ್ಟ: ಫ್ಲೋಟ್ 1.0 ಇರಬೇಕಾದಲ್ಲಿ 4.6×10⁻⁴¹ ಬರುತ್ತದೆ, 16 ಬಿಟ್ ಪೂರ್ಣಾಂಕ 1 ಇರಬೇಕಾದಲ್ಲಿ 256. ಇನ್ನೊಂದು ಹೊಂಡ: ಸ್ಟ್ರಕ್ಟ್‌ಗೆ 'ಎಚ್‌ಡಿ' ಎಂದಷ್ಟೇ ಕೊಟ್ಟರೆ ಮಾಮೂಲಿ 64 ಬಿಟ್ ಕಂಪ್ಯೂಟರಿನಲ್ಲಿ ನಡುವೆ ಖಾಲಿ ಬೈಟುಗಳನ್ನು ಸೇರಿಸಿ 16 ಬೈಟ್ ಎಣಿಸುತ್ತದೆ, '<ಎಚ್‌ಡಿ' ಎಂದರೆ 10 ಮಾತ್ರ. ಮುಂದೆ '<' ಅಥವಾ '>' ಇಲ್ಲದ ಫಾರ್ಮ್ಯಾಟ್ ಸಾಲನ್ನು ಬರೆಯಲೇಬೇಡಿ.

ಪ್ರಶ್ನೆ: ಬ್ರೂಕರ್ ಎನ್‌ಎಂಆರ್‌ನ (ಪರಮಾಣು ಕಾಂತೀಯ ಅನುರಣನ ಉಪಕರಣದ) ಎಫ್‌ಐಡಿ, ಅಂದರೆ ಕಚ್ಚಾ ಸಂಕೇತದ, ಫೈಲನ್ನು ನಾವೇ ಓದಿ ಫೋರಿಯರ್ ರೂಪಾಂತರ ಮಾಡಿದೆವು. ಶಿಖರಗಳೆಲ್ಲ ಸುರುಳಿ ಸುತ್ತಿದಂತೆ ಮೇಲೆ ಕೆಳಗೆ ತಿರುಗಿವೆ.

ಉತ್ತರ: ನಿಮ್ಮ ಓದು ಬಹುಮಟ್ಟಿಗೆ ಸರಿಯೇ ಇದೆ. ಡಿಜಿಟಲ್ ಫಿಲ್ಟರಿನಿಂದಾಗಿ ನಿಜವಾದ ಸಂಕೇತ ಕೆಲವು ಬಿಂದುಗಳು ತಡವಾಗಿ ಶುರುವಾಗುತ್ತದೆ. ಆ ವಿಳಂಬ ಪಕ್ಕದ ಆಕ್ವಸ್ ಫೈಲಿನಲ್ಲಿ ಜಿಆರ್‌ಪಿಡಿಎಲ್‌ವೈ ಎಂಬ ಹೆಸರಿನಲ್ಲಿರುತ್ತದೆ. 68ರ ಆಸುಪಾಸು ಇರುವುದು ಸಾಮಾನ್ಯ. ಎನ್‌ಎಂಆರ್‌ಗ್ಲೂ ಲೈಬ್ರರಿಯ ಬ್ರೂಕರ್.ರೀಡ್ ಮತ್ತು ರಿಮೂವ್_ಡಿಜಿಟಲ್_ಫಿಲ್ಟರ್ ಬಳಸಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಕೈಯಾರೆ ಓದುವುದಾದರೆ ಅದೇ ಆಕ್ವಸ್ ಫೈಲಿನಲ್ಲಿ ಬಿವೈಟಿಓಆರ್‌ಡಿಎ ನೋಡಿ, 0 ಎಂದರೆ ಲಿಟಲ್ ಎಂಡಿಯನ್ ('<' ಕ್ರಮ), 1 ಎಂದರೆ ಬಿಗ್. ಡಿಟಿವೈಪಿಎ 0 ಆದರೆ 32 ಬಿಟ್ ಪೂರ್ಣಾಂಕ, 2 ಆದರೆ 64 ಬಿಟ್ ಫ್ಲೋಟ್. ಟಿಡಿ ಎಂಬುದು ವಾಸ್ತವ ಮತ್ತು ಕಾಲ್ಪನಿಕ ಭಾಗಗಳನ್ನು ಕೂಡಿಸಿದ ಎಣಿಕೆ, ಸಂಕೀರ್ಣ ಬಿಂದುಗಳು ಅದರ ಅರ್ಧ.

ಪ್ರಶ್ನೆ: ಮಾಸ್ ಸ್ಪೆಕ್ಟ್ರೋಮೀಟರಿನ '.ರಾ' ಒಂದು ಕಡೆ ಫೈಲು, ಇನ್ನೊಂದು ಕಡೆ ಫೋಲ್ಡರು. ಒಂದೇ ಕೋಡ್ ಸಾಲುತ್ತದೆಯೇ?

ಉತ್ತರ: ಇಲ್ಲ. ಥರ್ಮೋದ '.ರಾ' ಒಂದೇ ಫೈಲು, ವಾಟರ್ಸ್‌ನ '.ರಾ' ಫೋಲ್ಡರು. ಎರಡನ್ನೂ ಪ್ರೊಟಿಯೋವಿಝರ್ಡ್‌ನ ಎಂಎಸ್‌ಕನ್ವರ್ಟ್‌ನಿಂದ ಎಂಝಡ್‌ಎಂಎಲ್ ಎಂಬ ಮುಕ್ತ ಫಾರ್ಮ್ಯಾಟಿಗೆ ಬದಲಿಸಿ, ಪೈಟಿಯೋಮಿಕ್ಸ್ ಅಥವಾ ಪೈಎಂಝಡ್‌ಎಂಎಲ್‌ನಿಂದ ಓದಿ. ತಯಾರಕರದೇ ಪೀಕ್ ಪಿಕಿಂಗ್ (ಶಿಖರಗಳನ್ನು ಗುರುತಿಸಿ ಆರಿಸುವ ವಿಧಾನ) ಬೇಕಿದ್ದರೆ ಆ ಫಿಲ್ಟರನ್ನು ಪಟ್ಟಿಯ ಮೊದಲಲ್ಲೇ ಇಡಿ. ಬೇರೆ ಫಿಲ್ಟರಿನ ಹಿಂದೆ ನಿಂತರೆ ತಯಾರಕರ ವಿಧಾನ ಅನ್ವಯವಾಗುವುದಿಲ್ಲ.

ಪ್ರಶ್ನೆ: ಅಳತೆಯ ಸಂಖ್ಯೆಗಳೆಲ್ಲ ಸರಿ, ದಿನಾಂಕ ಮಾತ್ರ 66 ವರ್ಷ ಮುಂದಕ್ಕೆ ಹೋಗಿದೆ!

ಉತ್ತರ: ಸೆಕೆಂಡುಗಳನ್ನು 1904ರ ಜನವರಿ 1ರಿಂದ ಎಣಿಸಿದ ಫೈಲನ್ನು ನೀವು 1970ರಿಂದ ಎಣಿಸಿದ್ದೀರಿ. ಲ್ಯಾಬ್‌ವ್ಯೂ ಹಾಗೂ ಅದರ ಟಿಡಿಎಂಎಸ್ ಫೈಲುಗಳು ಹೀಗೇ ಎಣಿಸುತ್ತವೆ. 2,08,28,44,800 ಕಳೆಯಿರಿ. ಟಿಡಿಎಂಎಸ್ ಆದರೆ ಎನ್‌ಪಿಟಿಡಿಎಂಎಸ್ ಲೈಬ್ರರಿ ಇದನ್ನು ತಾನೇ ಮಾಡುತ್ತದೆ. ಬೇರೆ ಫೈಲುಗಳಲ್ಲಿ ಸಂಖ್ಯೆಯ ಗಾತ್ರವೇ ಸುಳಿವು: 45,000ರ ಆಸುಪಾಸಿನ ಡಬಲ್ ಆದರೆ 1899ರ ಡಿಸೆಂಬರ್ 30ರಿಂದ ಎಣಿಸಿದ ದಿನಗಳು, 25,569 ಕಳೆದರೆ 1970ರಿಂದಾದ ದಿನಗಳು. 18 ಅಂಕಿಯ ಪೂರ್ಣಾಂಕವಾದರೆ ಬಹುಶಃ ವಿಂಡೋಸ್ ಎಣಿಕೆ, 1601ರಿಂದ 100 ನ್ಯಾನೋಸೆಕೆಂಡುಗಳ ಲೆಕ್ಕ. ಸರಿಪಡಿಸಿದ ಮೇಲೆ ಕೆಲವು ಗಂಟೆಗಳ ವ್ಯತ್ಯಾಸ ಉಳಿದರೆ ಅದು ಯುಟಿಸಿಗೂ ಸ್ಥಳೀಯ ಸಮಯಕ್ಕೂ ಇರುವ ಅಂತರ.

ಪ್ರಶ್ನೆ: ರಫ್ತಾದ ಪಠ್ಯವನ್ನೇ ಓದಲು ಹೋದರೆ ಪೈಥಾನ್ 'ಬಿ0 ಬೈಟ್ ಡಿಕೋಡ್ ಆಗದು' ಎನ್ನುತ್ತದೆ.

ಉತ್ತರ: ಅದು ಡಿಗ್ರಿ ಚಿಹ್ನೆ. ಫೈಲು ಯುಟಿಎಫ್-8 ಅಲ್ಲ, ವಿಂಡೋಸಿನ ಹಳೆಯ ಸಂಕೇತದಲ್ಲಿದೆ. ಎನ್‌ಕೋಡಿಂಗ್‌ಗೆ 'ಸಿಪಿ1252' ಕೊಡಿ. ಎರರ್ಸ್‌ಗೆ 'ಇಗ್ನೋರ್' ಕೊಟ್ಟು ದಾಟಿಸಬೇಡಿ: ಮೈಕ್ರೋ ಚಿಹ್ನೆಯೂ ಇದೇ ಬಗೆಯದು, ಅದು ಮಾಯವಾದರೆ ಮೈಕ್ರೋಆಂಪಿಯರ್ ಕಾಲಂ ಆಂಪಿಯರ್ ಆಗಿಬಿಡುತ್ತದೆ. ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಇದ್ದರೆ ಪಾಂಡಾಸ್‌ನ ರೀಡ್_ಸಿಎಸ್‌ವಿಗೆ ಡೆಸಿಮಲ್ ',' ಎಂದೂ ಹೇಳಿ.