ಓದುಗರ ಪ್ರಶ್ನೆ: ಜಪಾನಿನ ಮನೆಯನ್ನು ಬದಲಿಸಿದ್ದು ಹಣವೇ?

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಸೋತು ಬೂದಿಯಾಗಿದ್ದ ಜಪಾನ್ ಹತ್ತು ಹನ್ನೆರಡು ವರ್ಷಗಳಲ್ಲಿ ಮತ್ತೆ ತಲೆಯೆತ್ತಿತೆಂದು ಓದಿದ್ದೇನೆ. ಅಲ್ಲಿನ ಕೂಡುಕುಟುಂಬ, ಹಿರಿಯರು ನಿಶ್ಚಯಿಸುವ ಮದುವೆ ಮುಂತಾದವು ಸಡಿಲಗೊಂಡದ್ದು ಈ ಸಿರಿವಂತಿಕೆಯಿಂದಲೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಹಾಗೆ ಹೇಳುವುದು ರೂಢಿಯಲ್ಲಿದೆ, ಆದರೆ ಇಸವಿಗಳು ಅದನ್ನು ಒಪ್ಪುವುದಿಲ್ಲ. ಅಮೆರಿಕನ್ ಸೇನೆಯ ಹಿಡಿತವಿದ್ದ ಕಾಲದಲ್ಲಿ ರೂಪುಗೊಂಡು 1947ರ ಮೇ 3ರಂದು ಜಾರಿಗೆ ಬಂದ ಸಂವಿಧಾನವು ಮದುವೆಗೆ ಗಂಡು ಹೆಣ್ಣಿನ ಪರಸ್ಪರ ಒಪ್ಪಿಗೆಯೊಂದೇ ಆಧಾರವೆಂದಿತು; ಮದುವೆಗೂ ಮನೆಯ ಯಜಮಾನನ ಅನುಮತಿ ಬೇಡುತ್ತಿದ್ದ, ಮನೆತನದ ಆಸ್ತಿಯನ್ನು ಸಾಮಾನ್ಯವಾಗಿ ಹಿರಿಯ ಮಗನಿಗೇ ಒಪ್ಪಿಸುತ್ತಿದ್ದ ‘ಇಯೆ’ ಪದ್ಧತಿಯನ್ನು ಮರುವರ್ಷದ ಜನವರಿಯಿಂದ ತಿದ್ದುಪಡಿಯಾದ ನಾಗರಿಕ ಸಂಹಿತೆ ತೆಗೆದುಹಾಕಿತು. ಆಗ ನಗರದ ಜನ ಪಡಿತರ ಸಾಲದೆ ಕಾಳಸಂತೆಯಲ್ಲಿ ಅಕ್ಕಿ ಹುಡುಕುತ್ತಿದ್ದರು.

ಮಕ್ಕಳ ಸಂಖ್ಯೆಯ ಕಥೆಯೂ ಇದೇ. 1947ರಲ್ಲಿ ಒಬ್ಬ ತಾಯಿಗೆ ಸರಾಸರಿ ನಾಲ್ಕೂವರೆ ಮಕ್ಕಳಿದ್ದರೆ 1957ರ ಹೊತ್ತಿಗೆ ಅದು ಸುಮಾರು ಎರಡಕ್ಕೆ ಇಳಿದಿತ್ತು. ಗರ್ಭಪಾತಕ್ಕೆ ಕೆಲವು ಸಂದರ್ಭಗಳಲ್ಲಿ ಅವಕಾಶ ಕೊಟ್ಟಿದ್ದ 1948ರ ಕಾಯ್ದೆಗೆ ಮರುವರ್ಷವೇ ತಿದ್ದುಪಡಿ ತಂದು, ಆರ್ಥಿಕ ಕಷ್ಟವನ್ನೂ ಗರ್ಭಪಾತಕ್ಕೆ ಕಾರಣವೆಂದು ಒಪ್ಪಿಕೊಳ್ಳಲಾಗಿತ್ತು. ಸಿರಿಗಿಂತ ಬಡತನವೇ ಇಲ್ಲಿ ಹೆಚ್ಚು ಕೆಲಸ ಮಾಡಿತೆಂದು ನನಗನ್ನಿಸುತ್ತದೆ.

ಹಣ ಬಂದದ್ದು ಅನಂತರ. 1950ರಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಾಗ ಅಮೆರಿಕನ್ ಸೇನೆ ಸಾಮಗ್ರಿಗಳನ್ನು ಜಪಾನಿನಿಂದಲೇ ಕೊಂಡಿತು (ನೆರೆಮನೆಯ ಬೆಂಕಿಯಲ್ಲಿ ಚಳಿ ಕಾಯಿಸಿಕೊಂಡಂತೆ). 1956ರ ಸರ್ಕಾರಿ ಆರ್ಥಿಕ ವರದಿ ‘ಇದು ಇನ್ನು ಯುದ್ಧೋತ್ತರ ಕಾಲವಲ್ಲ’ ಎಂದು ಘೋಷಿಸಿತು. ಹಳ್ಳಿಯಲ್ಲಿ ಶಾಲೆ ಮುಗಿಸಿದ ಹದಿನೈದರ ಹುಡುಗ ಹುಡುಗಿಯರು ವಿಶೇಷ ರೈಲುಗಳಲ್ಲಿ ಗುಂಪುಗುಂಪಾಗಿ ಟೋಕಿಯೊದ ಕಾರ್ಖಾನೆ, ಅಂಗಡಿಗಳಿಗೆ ಬಂದರು. ಸಂಬಳದಾರ ದಂಪತಿಗಳಿಗಾಗಿ 1955ರಲ್ಲಿ ಸ್ಥಾಪನೆಯಾದ ವಸತಿ ನಿಗಮವು ಕಟ್ಟಿದ ‘ದಾಂಚಿ’ ವಸತಿ ಸಮುಚ್ಚಯಗಳ ಮನೆಗಳಲ್ಲಿ ಎರಡು ಕೋಣೆ, ಊಟಕ್ಕೂ ಜಾಗವಿರುವ ಒಂದು ಅಡುಗೆಮನೆ ಇದ್ದವು. ಅತ್ತೆ ಮಾವಂದಿರಿಗೆ ಅಲ್ಲಿ ಜಾಗವಿರಲಿಲ್ಲ. ಕಾನೂನು ಕಾಗದದ ಮೇಲೆ ಕೊಟ್ಟಿದ್ದ ಬೇರೆ ಸಂಸಾರಕ್ಕೆ ಸೂರು ಸಿಕ್ಕಿದ್ದು ಹೀಗೆ. ಟಿವಿ, ಬಟ್ಟೆ ಒಗೆಯುವ ಯಂತ್ರ, ಫ್ರಿಜ್ ಈ ಮೂರನ್ನು ಜನ, ಚಕ್ರವರ್ತಿ ಪೀಠದ ಪವಿತ್ರ ವಸ್ತುಗಳ ಹೆಸರನ್ನೇ ಎರವಲು ಪಡೆದು, ‘ಮೂರು ದಿವ್ಯ ನಿಧಿಗಳು’ ಎಂದು ಕರೆದರು.

1959ರಲ್ಲಿ ಯುವರಾಜ ಅಕಿಹಿತೊ ರಾಜವಂಶದ ಹೊರಗಿನ, ಉದ್ಯಮಿಯೊಬ್ಬರ ಮಗಳಾದ ಮಿಚಿಕೊ ಅವರನ್ನು ವರಿಸಿದಾಗ, ಆ ಮೆರವಣಿಗೆಯನ್ನು ನೋಡಲೆಂದೇ ಲಕ್ಷಾಂತರ ಮನೆಗಳು ಟಿವಿ ಕೊಂಡವು. ಆದರೂ ಟಿವಿಯ ಮುಂದೆ ಕುಳಿತಿದ್ದ ಮನೆಗಳಲ್ಲಿ ಮಧ್ಯಸ್ಥರು ಕುದುರಿಸುವ ‘ಒಮಿಯಾಯಿ’ ಸಂಬಂಧಗಳೇ ಇನ್ನೂ ಹೆಚ್ಚಾಗಿದ್ದವು. ಪ್ರೇಮವಿವಾಹಗಳ ಸಂಖ್ಯೆ ಅವನ್ನು ಮೀರಿದ್ದು 1960ರ ದಶಕದ ಕೊನೆಯಲ್ಲಿ, ಅಂದರೆ ಸಂವಿಧಾನ ಜಾರಿಯಾಗಿ ಸುಮಾರು ಇಪ್ಪತ್ತು ವರ್ಷಗಳ ಬಳಿಕ.